ಪೋರ್ಟ್ ವೈನಿಗೆ ಎರಡು ಊರು: ಡೌರೊ ಕಣಿವೆಗೆ ಹೋಗುವ ಮುನ್ನ

ಗೋವಾಕ್ಕೆ ಹೋಗಿ ಬಂದವರ ಚೀಲದಲ್ಲಿ ಗೋಡಂಬಿ, ಬೆಬಿಂಕಾಗಳ ನಡುವೆ ಒಂದು ಪೋರ್ಟ್ ವೈನ್ ಬಾಟಲಿ ಇರುವುದು ನಮ್ಮಲ್ಲಿ ಹಳೆಯ ರೂಢಿ. ಅದರೊಳಗಿನ ದ್ರಾಕ್ಷಿ ಎಷ್ಟೋ ಬಾರಿ ನಮ್ಮದೇ ಬೆಂಗಳೂರು ನೀಲಿ, ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ಬೆಳೆಯುವ ತಳಿ. ಸಿಹಿಯಾಗಿರುತ್ತದೆ, ಬೆಲೆ ಕಡಿಮೆ, ಕ್ರಿಸ್‌ಮಸ್ ಕೇಕಿಗೂ ಒದಗುತ್ತದೆ; ದೂರಲು ಏನೂ ಇಲ್ಲ. ಆದರೆ ಯುರೋಪಿನ ಕಾನೂನು ಅದನ್ನು ಪೋರ್ಟ್ ಎಂದು ಒಪ್ಪುವುದಿಲ್ಲ. ಪೋರ್ಟ್ ಎನಿಸಿಕೊಳ್ಳಬೇಕಾದರೆ ದ್ರಾಕ್ಷಿಯು ಪೋರ್ಚುಗಲ್‌ನ ಉತ್ತರಭಾಗದ ಡೌರೊ ನದಿಯ ಕಣಿವೆಯಲ್ಲಿ, ಗಡಿ ಗುರುತಿಸಿದ ನೆಲದೊಳಗೆ ಬೆಳೆದಿರಬೇಕು. ಆ ಗಡಿಯ ಕಥೆ ಶುರುವಾಗುವುದು 1756ರಲ್ಲಿ.

ಡೌರೊಗೆ ಹೋಗುವ ಪ್ರವಾಸಿಗರಿಗೆ ಮಾರ್ಗದರ್ಶಕರು ಮಣ್ಣು, ಬಿಸಿಲು, ತಲೆತಲಾಂತರದ ಕಸುಬು ಎಂದು ಹೇಳುತ್ತಾರೆ. ಎಲ್ಲವೂ ನಿಜವೇ. ಆದರೆ ಒಂದೇ ವೈನನ್ನು ಒಂದು ಊರಿನಲ್ಲಿ ಬೆಳೆದು ಇನ್ನೊಂದು ಊರಿನಲ್ಲಿ ಏಕೆ ಹಳೆಯದಾಗಿಸುತ್ತಾರೆ, ಒಂದೇ ಗುಡ್ಡದ ಮೇಲಿನ ತೋಟಕ್ಕೂ ಕೆಳಗಿನ ತೋಟಕ್ಕೂ ಬೆಲೆಯಲ್ಲಿ ಏಕೆ ಅಷ್ಟು ಅಂತರ, ನದೀತೀರದ ತೋಟಗಳಲ್ಲಿ ಪ್ರವಾಸಿಗರ ಬಾಗಿಲು ತೆರೆದದ್ದು ಏಕೆ ಇಷ್ಟು ತಡವಾಗಿ ಎಂದು ಕೇಳಿದರೆ ಉತ್ತರ ಮಣ್ಣಿನಲ್ಲಿ ಸಿಗುವುದಿಲ್ಲ, ಸರ್ಕಾರಿ ಕಡತದಲ್ಲಿ ಸಿಗುತ್ತದೆ. ನನ್ನ ಮಟ್ಟಿಗೆ ಡೌರೊ ಎಂದರೆ ಜಗತ್ತಿನ ಅತ್ಯಂತ ರುಚಿಕರವಾದ ಕಂದಾಯ ದಾಖಲೆ.

ಮೊದಲು ನೆಲ. ಸ್ಪೇನಿನಲ್ಲಿ ಹುಟ್ಟುವ ನದಿ ಪಶ್ಚಿಮಕ್ಕೆ ಹರಿದು ಪೋರ್ಟೊ ನಗರದ ಬಳಿ ಅಟ್ಲಾಂಟಿಕ್ ಸೇರುತ್ತದೆ. ವೈನ್ ಸೀಮೆ ಇರುವುದು ನಗರದಿಂದ ಸುಮಾರು ನೂರು ಕಿಲೋಮೀಟರ್ ಒಳನಾಡಿನಲ್ಲಿ, ಅಲ್ಲಿಂದ ಸ್ಪೇನಿನ ಗಡಿಯವರೆಗೆ. ನಡುವೆ 1,415 ಮೀಟರ್ ಎತ್ತರದ ಮರಾಂವ್ ಬೆಟ್ಟಸಾಲು ಅಡ್ಡ ನಿಂತಿದೆ. ಘಟ್ಟ ದಾಟಿ ಸಕಲೇಶಪುರದಿಂದ ಅರಸೀಕೆರೆಯ ಕಡೆ ಬಂದಂತೆ ಮಳೆ ಕರಗುತ್ತ ಹೋಗುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಮುದ್ರದ ಮೋಡಗಳು ಬೆಟ್ಟದ ಆಚೆಯೇ ಬರಿದಾಗುತ್ತವೆ. ಸೀಮೆಯ ಪಶ್ಚಿಮದ ಅಂಚಿನಲ್ಲಿ ವರ್ಷಕ್ಕೆ ಸುಮಾರು 900 ಮಿಲಿಮೀಟರ್ ಮಳೆಯಾದರೆ, ಸ್ಪೇನ್ ಗಡಿಯ ಬಳಿ ಅದರ ಅರ್ಧವೂ ಇಲ್ಲ. ‘ಒಂಬತ್ತು ತಿಂಗಳು ಚಳಿಗಾಲ, ಮೂರು ತಿಂಗಳು ನರಕ’ ಎಂಬುದು ಅಲ್ಲಿಯವರ ಮಾತು. ಜುಲೈ, ಆಗಸ್ಟ್‌ನಲ್ಲಿ ತಾಪಮಾನ 40 ಡಿಗ್ರಿ ದಾಟಿದರೆ ಯಾರೂ ಹುಬ್ಬೇರಿಸುವುದಿಲ್ಲ.

ಈ ಮಳೆಯ ಇಳಿಜಾರಿಗೆ ತಕ್ಕಂತೆ ಸೀಮೆಯಲ್ಲಿ ಮೂರು ಭಾಗ: ಪಶ್ಚಿಮದ ತಂಪು ಬಾಯ್ಶು ಕೋರ್ಗೊ, ನಡುವಿನ ಸೀಮಾ ಕೋರ್ಗೊ, ಪೂರ್ವದ ಒಣ ಡೌರೊ ಸುಪೆರಿಯೊರ್. ಹೆಸರಾಂತ ತೋಟಗಳು ಹೆಚ್ಚಾಗಿ ನಡುವಿನ ಭಾಗದಲ್ಲಿ, ಪಿನ್ಯಾಂವ್ ಎಂಬ ಪುಟ್ಟ ಊರಿನ ಸುತ್ತ ಇವೆ. ನೆಲವೆಲ್ಲ ಪದರು ಪದರಾಗಿ ಸೀಳಿಕೊಳ್ಳುವ ಶಿಸ್ಟ್ ಕಲ್ಲು. ಪದರುಗಳು ಬಹುಪಾಲು ನೆಟ್ಟಗೆ ನಿಂತಿರುವುದರಿಂದ ಬಳ್ಳಿಯ ಬೇರು ಸಂದಿ ಹಿಡಿದು ಹಲವು ಮೀಟರ್ ಆಳಕ್ಕೆ ಇಳಿದು ನೀರು ಹುಡುಕಿಕೊಳ್ಳುತ್ತದೆ. ಇಂಥ ಕಡಿದಾದ ಗುಡ್ಡದಲ್ಲಿ ಮಣ್ಣು ತಾನಾಗಿ ನಿಲ್ಲದು. ಕಲ್ಲು ಒಡೆದು, ಆ ಕಲ್ಲಿನಿಂದಲೇ ಗಾರೆಯಿಲ್ಲದ ಗೋಡೆ ಕಟ್ಟಿ, ಹಿಂದೆ ಪುಡಿಗಲ್ಲು ತುಂಬಿ ಮೆಟ್ಟಿಲು ಮಾಡಿದ್ದಾರೆ. 2001ರಲ್ಲಿ ಯುನೆಸ್ಕೊ ಈ ಕಣಿವೆಯ 24,600 ಹೆಕ್ಟೇರ್ ಭಾಗವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ್ದು ಮುಖ್ಯವಾಗಿ ಮನುಷ್ಯರು ಕೈಯಾರೆ ಕಟ್ಟಿದ ಈ ನೆಲಕ್ಕಾಗಿ.

ಗುಡ್ಡ ನೋಡುವಾಗ ಗೋಡೆಗಳನ್ನು ಓದುವ ಅಭ್ಯಾಸ ಮಾಡಿಕೊಳ್ಳಿ. ಕಿರಿದಾದ ಮೆಟ್ಟಿಲು, ಕಲ್ಲಿನ ಗೋಡೆ ಇದ್ದರೆ ಹಳೆಯ ತೋಟ. ಅಲ್ಲಿ ಹತ್ತಾರು ತಳಿಗಳು ಬೆರೆತು ಬೆಳೆದಿರುತ್ತವೆ, ಯಂತ್ರ ಒಳಗೆ ಹೋಗದು. ಗೋಡೆಯಿಲ್ಲದೆ ಬರೀ ಮಣ್ಣಿನ ಏರಿ ಇದ್ದರೆ 1970ರ ದಶಕದಿಂದ ಈಚೆಗೆ ಬುಲ್ಡೋಜರ್ ಕೊರೆದದ್ದು. ಸಾಲುಗಳು ಗುಡ್ಡದ ತಲೆಯಿಂದ ಬುಡಕ್ಕೆ ನೆಟ್ಟಗೆ ಇಳಿದಿದ್ದರೆ ಅದೂ ಹೊಸ ಪದ್ಧತಿ. ಇವುಗಳ ನಡುವೆ ಪೊದೆ ಬೆಳೆದು ಪಾಳುಬಿದ್ದ ಮೆಟ್ಟಿಲುಗಳೂ ಕಾಣುತ್ತವೆ. 1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಬೇರು ತಿನ್ನುವ ಹೇನು ಕೊಂದ ತೋಟಗಳು ಅವು. ಮತ್ತೆ ನೆಡುವ ಶಕ್ತಿ ಮಾಲೀಕರಿಗೆ ಉಳಿದಿರಲಿಲ್ಲ. ಕೆಲವು ಕಡೆ ಆಲಿವ್ ಹಾಕಿದರು, ಉಳಿದದ್ದನ್ನು ಹಾಗೆಯೇ ಬಿಟ್ಟರು.

ಸಿಹಿ ಎಲ್ಲಿಂದ ಬಂತು?

ಪೋರ್ಟಿಗೆ ಯಾರೂ ಸಕ್ಕರೆ ಹಾಕುವುದಿಲ್ಲ. ದ್ರಾಕ್ಷಿರಸದ ಸಕ್ಕರೆಯನ್ನು ಯೀಸ್ಟ್ ತಿಂದು ಮದ್ಯಸಾರ ಮಾಡುತ್ತದೆ. ಪೂರ್ತಿ ತಿನ್ನಲು ಬಿಟ್ಟರೆ ಸಿಹಿಯಿಲ್ಲದ ಸಾಮಾನ್ಯ ವೈನ್. ಡೌರೊದಲ್ಲಿ ಎರಡು ಮೂರು ದಿನದ ಹೊತ್ತಿಗೆ, ಸಕ್ಕರೆ ಸುಮಾರು ಅರ್ಧದಷ್ಟು ಉಳಿದಿರುವಾಗಲೇ, ಶೇ 77ರಷ್ಟು ಮದ್ಯಸಾರವಿರುವ ದ್ರಾಕ್ಷಿಯ ಸಾರಾಯಿಯನ್ನು ಸುರಿಯುತ್ತಾರೆ. ಯೀಸ್ಟ್ ಅಲ್ಲಿಗೆ ಸಾಯುತ್ತದೆ, ಸಿಹಿ ಉಳಿಯುತ್ತದೆ. 550 ಲೀಟರಿನ ಒಂದು ಪೀಪಾಯಿಯಲ್ಲಿ ಸುಮಾರು 115 ಲೀಟರ್ ಈ ಸಾರಾಯಿಯೇ. ಕೊನೆಗೆ ಕೈಗೆ ಬರುವ ವೈನಿನ ಮದ್ಯಸಾರ ಸುಮಾರು ಶೇ 20.

ಹೀಗೆ ಅವಸರ ಇರುವುದರಿಂದಲೇ ತುಳಿತದ ಮಹತ್ವ. ಬಣ್ಣ, ಒಗರು ಎಲ್ಲ ಸಿಪ್ಪೆಯಲ್ಲಿವೆ. ಸಾಮಾನ್ಯ ಕೆಂಪು ವೈನಿಗೆ ಅದನ್ನು ಹೀರಿಕೊಳ್ಳಲು ವಾರಗಟ್ಟಲೆ ಸಮಯವಿದ್ದರೆ, ಪೋರ್ಟಿಗೆ ಸಿಗುವುದು ಎರಡೇ ಮೂರೇ ದಿನ. ಆದ್ದರಿಂದ ಲಗಾರ್ ಎಂಬ, ಮೊಣಕಾಲಿನಿಂದ ತೊಡೆಯ ಮಟ್ಟದ ಅಗಲವಾದ ಗ್ರಾನೈಟ್ ತೊಟ್ಟಿಗೆ ದ್ರಾಕ್ಷಿ ತುಂಬಿ ಕಾಲಿನಲ್ಲಿ ತುಳಿಯುತ್ತಾರೆ. ಕಾಲಿಗೆ ಸಿಪ್ಪೆ ಹಿಚುಕುವಷ್ಟು ಬಲವಿದೆ, ಕಹಿ ಬೀಜ ಒಡೆಯುವಷ್ಟು ಇಲ್ಲ. ಮೊದಲ ಒಂದೆರಡು ಗಂಟೆ ಹೆಗಲ ಮೇಲೆ ಕೈಹಾಕಿ ಸಾಲಾಗಿ, ಒಬ್ಬರು ಕೂಗುವ ಎಣಿಕೆಗೆ ತಕ್ಕಂತೆ ಹೆಜ್ಜೆ. ಮುಂದಿನದು ಸಂಗೀತ, ಕುಣಿತ, ಯಾರು ಹೇಗೆ ಬೇಕಾದರೂ ತುಳಿಯಬಹುದು. ಪ್ರವಾಸಿಗರ ಫೋಟೊಗಳಲ್ಲಿ ಕಾಣುವುದು ಈ ಎರಡನೆಯ ಭಾಗ. ದುಡಿಮೆ ಇರುವುದು ಮೊದಲನೆಯದರಲ್ಲಿ. ಈಗ ಹಲವು ತೋಟಗಳಲ್ಲಿ ಕಾಲಿನ ಚಲನೆಯನ್ನು ಅನುಕರಿಸುವ ಯಂತ್ರಗಳಿವೆ. ಆದರೂ ತಮ್ಮ ಅತ್ಯುತ್ತಮ ವೈನಿಗೆ ಇಂದಿಗೂ ಕಾಲನ್ನೇ ನಂಬುವವರು ಇದ್ದಾರೆ.

ಗಡಿಕಲ್ಲು ನೆಟ್ಟ ಮಂತ್ರಿ

ಇಷ್ಟಕ್ಕೂ ಸಾರಾಯಿ ಬೆರೆಸುವ ಯೋಚನೆ ಹುಟ್ಟಿದ್ದು ಸಾಗಾಟದಲ್ಲಿ. ಫ್ರಾನ್ಸಿನ ಜೊತೆ ಮೇಲಿಂದ ಮೇಲೆ ಯುದ್ಧದಲ್ಲಿದ್ದ ಇಂಗ್ಲೆಂಡಿಗೆ ಬೇರೆ ವೈನ್ ಬೇಕಾಗಿತ್ತು. 1703ರ ಮೆಥ್ಯುಯೆನ್ ಒಪ್ಪಂದದಲ್ಲಿ ಪೋರ್ಚುಗಲ್ ಇಂಗ್ಲಿಷ್ ಉಣ್ಣೆಬಟ್ಟೆಗೆ ಬಾಗಿಲು ತೆರೆಯಿತು. ಪ್ರತಿಯಾಗಿ ಪೋರ್ಚುಗೀಸ್ ವೈನಿನ ಮೇಲಿನ ಸುಂಕ ಫ್ರೆಂಚ್ ವೈನಿಗಿಂತ ಮೂರನೇ ಒಂದು ಭಾಗ ಕಡಿಮೆಯಾಯಿತು. ಹಡಗಿನಲ್ಲಿ ಕೆಡದಿರಲೆಂದು ಒಂದಿಷ್ಟು ಸಾರಾಯಿ ಸೇರಿಸುತ್ತಿದ್ದರು. ಬೇಡಿಕೆ ಏರಿದಂತೆ ಕಲಬೆರಕೆಯೂ ಏರಿತು: ತೆಳು ವೈನಿಗೆ ಎಲ್ಡರ್‌ಬೆರಿ ಹಣ್ಣಿನ ರಸ ಸುರಿದು ಗಾಢ ಬಣ್ಣ ತರಿಸುವುದು, ಹೊರಗಿನ ಅಗ್ಗದ ವೈನ್ ಬೆರೆಸುವುದು. 1750ರ ದಶಕದ ಹೊತ್ತಿಗೆ ಹೆಸರು ಕೆಟ್ಟು ಬೆಲೆ ನೆಲಕಚ್ಚಿತು.

ಆಗ ಪೋರ್ಚುಗಲ್‌ನ ಆಡಳಿತ ನಡೆಸುತ್ತಿದ್ದವನು ಮುಂದೆ ಪೊಂಬಾಲ್‌ನ ಮಾರ್ಕ್ವಿಸ್ ಎಂದು ಹೆಸರಾದ ಮಂತ್ರಿ. 1755ರ ಭೂಕಂಪದಲ್ಲಿ ಕುಸಿದ ಲಿಸ್ಬನ್ ನಗರವನ್ನು ಮತ್ತೆ ಕಟ್ಟಿಸಿದವನು. 1759ರಲ್ಲಿ ಜೆಸ್ಯೂಟ್ ಪಾದ್ರಿಗಳನ್ನು ಪೋರ್ಚುಗೀಸ್ ಸಾಮ್ರಾಜ್ಯದಿಂದಲೇ ಹೊರಹಾಕಿದವನು. ಆ ಆಜ್ಞೆಯ ಬಿಸಿ ಗೋವಾಕ್ಕೂ ತಟ್ಟಿತು. ಮೆತ್ತಗಿನ ಮನುಷ್ಯನಲ್ಲ. 1756ರ ಸೆಪ್ಟೆಂಬರ್ 10ರಂದು ಆತ ಡೌರೊ ವೈನಿನ ಮೇಲೆ ಹಿಡಿತವಿರುವ ಕಂಪನಿಯೊಂದನ್ನು ಸ್ಥಾಪಿಸಿದ. ಯಾವ ನೆಲದ ವೈನ್ ರಫ್ತಿಗೆ ಯೋಗ್ಯ ಎಂದು ಗಡಿ ಹಾಕಿಸಿದ. ಎಲ್ಡರ್‌ಬೆರಿ ಗಿಡಗಳನ್ನು ಕೀಳಿಸಿದ. ಕಂಪನಿಯ ಏಕಸ್ವಾಮ್ಯಕ್ಕೆ ಸಿಟ್ಟಾಗಿ 1757ರಲ್ಲಿ ಪೋರ್ಟೊದ ಹೆಂಡದಂಗಡಿಯವರೂ ಜನರೂ ದಂಗೆ ಎದ್ದಾಗ ಹಲವರನ್ನು ಗಲ್ಲಿಗೇರಿಸಿದ.

ಗಡಿ ಗುರುತಿಸಲು ನೆಟ್ಟದ್ದು ಗ್ರಾನೈಟ್ ಕಂಬಗಳನ್ನು. ಎರಡು ಕಂತುಗಳಲ್ಲಿ ಒಟ್ಟು 335. ಅವುಗಳ ಮೇಲೆ ‘ಫೆಯ್ತೋರಿಯಾ’ (ರಫ್ತಿಗೆ ಯೋಗ್ಯವಾದ ವೈನಿನ ನೆಲ ಎಂಬ ಗುರುತು) ಎಂಬ ಕೆತ್ತನೆಯೂ ಇಸವಿಯೂ ಇರುತ್ತವೆ. ಅನೇಕ ಕಂಬಗಳು ಇಂದಿಗೂ ತೋಟಗಳ ನಡುವೆ, ಮನೆಗೋಡೆಯ ಪಕ್ಕ ನಿಂತಿವೆ. ಒಂದನ್ನಾದರೂ ಹುಡುಕಿ ನೋಡಿ, ಟಿಕೆಟ್ ಬೇಕಿಲ್ಲ. ಇಟಲಿಯ ಕಿಯಾಂತಿಗೆ 1716ರಲ್ಲಿ, ಹಂಗೇರಿಯ ತೊಕಾಯ್‌ಗೆ 1737ರಲ್ಲೇ ಗಡಿ ಹೇಳಿದ್ದರು, ಹಾಗಾಗಿ ‘ಜಗತ್ತಿನ ಮೊದಲ ವೈನ್ ಸೀಮೆ’ ಎಂಬ ಡೌರೊದ ಹೆಮ್ಮೆಗೆ ತಕರಾರು ಇದೆ. ಆದರೆ ಗಡಿಯ ಜೊತೆಗೆ ದರ್ಜೆ, ಬೆಲೆ, ತಪಾಸಣೆ, ಶಿಕ್ಷೆ ಎಲ್ಲವನ್ನೂ ಒಂದೇ ಕಟ್ಟಿಗೆ ಬಿಗಿದದ್ದು ಇಲ್ಲಿಯೇ. ನನ್ನ ಓಟು ಡೌರೊಗೆ.

ಆ ಬಿಗಿ ಇನ್ನೂ ಸಡಿಲವಾಗಿಲ್ಲ. ಪ್ರವಾಸಿಗರಿಗೆ ಅಪರೂಪಕ್ಕೆ ಹೇಳುವ, ಆದರೆ ಕಣಿವೆಯ ಪ್ರತಿ ರೈತನ ಬಾಯಲ್ಲಿರುವ ಒಂದು ವ್ಯವಸ್ಥೆ ಬೆನೆಫೀಸಿಯೊ. 1940ರ ದಶಕದಲ್ಲಿ ಸಿದ್ಧವಾದ ಪದ್ಧತಿಯಂತೆ ಪ್ರತಿ ತೋಟಕ್ಕೂ ಅಂಕ ಹಾಕಿದ್ದಾರೆ: ಎಷ್ಟು ಎತ್ತರದಲ್ಲಿದೆ, ಎಷ್ಟು ಇಳಿಜಾರು, ಯಾವ ದಿಕ್ಕಿಗೆ ಮುಖ, ಗಾಳಿಗೆ ಮರೆ ಇದೆಯೇ, ಮಣ್ಣು ಎಂಥದ್ದು, ಬಳ್ಳಿಯ ವಯಸ್ಸೆಷ್ಟು, ತಳಿ ಯಾವುದು, ಇಳುವರಿ ಎಷ್ಟು ಹೀಗೆ ಹನ್ನೆರಡು ಸಂಗತಿಗಳ ಮೇಲೆ. ಒಟ್ಟು ಅಂಕದ ಮೇಲೆ ‘ಎ’ಯಿಂದ ಮೊದಲ್ಗೊಂಡು ದರ್ಜೆ. ‘ಎಫ್’ ವರೆಗಿನವರಿಗೆ ಪೋರ್ಟ್ ಮಾಡುವ ಹಕ್ಕು. ಪ್ರತಿ ವರ್ಷ ಕೊಯ್ಲಿಗೆ ಮುನ್ನ ಇಡೀ ಸೀಮೆಯಲ್ಲಿ ಎಷ್ಟು ಪೀಪಾಯಿ ಪೋರ್ಟ್ ಮಾಡಬಹುದು ಎಂದು ಡೌರೊ ಮತ್ತು ಪೋರ್ಟೊ ವೈನ್ ಸಂಸ್ಥೆಯ ಮಂಡಳಿಯಲ್ಲಿ ತೀರ್ಮಾನವಾಗುತ್ತದೆ; ಅದನ್ನು ದರ್ಜೆಗೆ ತಕ್ಕಂತೆ ಹಂಚುತ್ತಾರೆ. ಹಕ್ಕುಪತ್ರದೊಳಗೆ ಬರುವ ದ್ರಾಕ್ಷಿಗೆ ಒಳ್ಳೆಯ ಬೆಲೆ. ಅದೇ ಬಳ್ಳಿಯ ಮಿಕ್ಕ ದ್ರಾಕ್ಷಿ ಸಾಮಾನ್ಯ ವೈನಿಗೆ ಹೋಗಬೇಕು, ಬೆಲೆ ತೀರಾ ಕಡಿಮೆ.

ಕಬ್ಬಿನ ದರಕ್ಕೂ ಕೊಬ್ಬರಿಯ ಬೆಂಬಲ ಬೆಲೆಗೂ ಹೋರಾಡುವ ನಾಡಿನವರಿಗೆ ಇದರ ಬಿಸಿ ಬೇಗ ಅರ್ಥವಾಗುತ್ತದೆ. ಪೋರ್ಟಿನ ಮಾರಾಟ ಇಳಿಯುತ್ತಿರುವುದರಿಂದ 2023ರಲ್ಲಿ 1,04,000 ಪೀಪಾಯಿ ಇದ್ದ ಮಿತಿಯನ್ನು 2024ರಲ್ಲಿ 90,000ಕ್ಕೆ ಇಳಿಸಿದರು. ಸರಾಸರಿ ಹಿಡುವಳಿ ಸುಮಾರು ಐದು ಎಕರೆಯಷ್ಟೇ ಇರುವ ಸೀಮೆಯಲ್ಲಿ ಇಂಥ ಕಡಿತ ನೇರವಾಗಿ ಒಲೆಗೆ ಬಡಿಯುತ್ತದೆ. ಮತ್ತೊಂದು ವಿಪರ್ಯಾಸ: ಎತ್ತರದ ತೋಟಕ್ಕೆ ಅಂಕ ಕಡಿಮೆ, ಏಕೆಂದರೆ ಆ ಕಾಲದಲ್ಲಿ ಅಲ್ಲಿ ದ್ರಾಕ್ಷಿ ಸರಿಯಾಗಿ ಹಣ್ಣಾಗುತ್ತಿರಲಿಲ್ಲ. ಈಗ ಬಿಸಿಲು ಏರುತ್ತಿರುವಾಗ ವೈನ್ ಮಾಡುವವರು ಹುಡುಕಿಕೊಂಡು ಹೋಗುತ್ತಿರುವುದು ಅದೇ ಎತ್ತರದ ತಂಪನ್ನು. ಅಂಕಪಟ್ಟಿ ಮಾತ್ರ ಹಳೆಯ ಹವಾಮಾನದಲ್ಲೇ ಕುಳಿತಿದೆ.

ಗಾಯಾ ಏಕೆ?

ಪೋರ್ಟೊ ನಗರದಿಂದ ನದಿಯ ಆಚೆ ದಡದ ವಿಲಾ ನೋವಾ ದೆ ಗಾಯಾದಲ್ಲಿ ಕೆಂಪು ಹೆಂಚಿನ ಉದ್ದನೆಯ ಗೋದಾಮುಗಳ ಸಾಲಿದೆ. ಸ್ಯಾಂಡೆಮನ್, ಟೇಲರ್ಸ್, ಗ್ರಹಾಮ್ಸ್, ಕಾಕ್‌ಬರ್ನ್ಸ್ ಎಂದು ಇಂಗ್ಲಿಷ್ ಹೆಸರುಗಳೇ ಹೆಚ್ಚು. ಅತ್ಯಂತ ಹಳೆಯದಾದ 1638ರ ಕೊಪ್ಕೆ ಮಾತ್ರ ಜರ್ಮನ್ ಮೂಲದ್ದು. ತೋಟ ನೂರು ಕಿಲೋಮೀಟರ್ ಆಚೆ, ಗೋದಾಮು ಇಲ್ಲಿ. ಒಂದು ಕಾರಣ ಹವೆ: ಸಮುದ್ರದ ತಂಪು, ತೇವದಲ್ಲಿ ವೈನ್ ನಿಧಾನವಾಗಿ ಹಣ್ಣಾಗುತ್ತದೆ, ಕಣಿವೆಯ ಬೇಸಿಗೆಯಲ್ಲಿ ಬಿಟ್ಟರೆ ಬೇಗ ಬೆಂದ ವಾಸನೆ ಹಿಡಿಯುತ್ತದೆ ಎಂಬ ನಂಬಿಕೆ. ಇನ್ನೊಂದು ಹಡಗುಕಟ್ಟೆ. ಮೂರನೆಯದು, ಎಲ್ಲಕ್ಕಿಂತ ಗಟ್ಟಿಯಾದದ್ದು, ಕಾನೂನು. 1926ರಿಂದ ರಫ್ತಾಗುವ ಪೋರ್ಟ್ ಗಾಯಾದ ಗೋದಾಮು ಸೀಮೆಯ ಮೂಲಕವೇ ಹೋಗಬೇಕೆಂಬ ನಿಯಮವಿತ್ತು. ಮೇಲಿನ ತೋಟದ ರೈತ ತನ್ನ ಹೆಸರಿನ ಬಾಟಲಿಯನ್ನು ತೋಟದಿಂದಲೇ ಹೊರದೇಶಕ್ಕೆ ಕಳಿಸುವಂತಿರಲಿಲ್ಲ. 1986ರಲ್ಲಿ ನಿಯಮ ಸಡಿಲವಾಯಿತು. ಕಿಂತಾ ಎಂದು ಕರೆಯುವ ಸಣ್ಣ ತೋಟದಮನೆಗಳು ತಮ್ಮದೇ ಚೀಟಿ ಅಂಟಿಸಿ ಮಾರತೊಡಗಿದ್ದು, ಅತಿಥಿಗಳನ್ನು ಕರೆದು ರುಚಿ ತೋರಿಸತೊಡಗಿದ್ದು ಬಹುಪಾಲು ಅದರ ನಂತರವೇ.

ಅದಕ್ಕೂ ಮುಂಚೆ ಪೀಪಾಯಿಗಳು ಕೆಳಗಿಳಿಯುತ್ತಿದ್ದದ್ದು ರಬೇಲೊ ಎಂಬ ಚಪ್ಪಟೆ ತಳದ ದೋಣಿಯಲ್ಲಿ. ಆಗಿನ ನದಿ ಇಂದಿನ ಶಾಂತ ನೀರಲ್ಲ. ಬಂಡೆ, ಸುಳಿ, ರಭಸ. 1861ರ ಮೇ 12ರಂದು ವಲೇಯ್ರಾದ ಕಂದರದಲ್ಲಿ ದೋಣಿ ಮಗುಚಿ ಜೋಸೆಫ್ ಜೇಮ್ಸ್ ಫಾರೆಸ್ಟರ್ ಎಂಬ ಇಂಗ್ಲಿಷ್ ವ್ಯಾಪಾರಿ ಮುಳುಗಿಹೋದ. ಡೌರೊ ನದಿಯ ವಿವರವಾದ ನಕ್ಷೆ ಬರೆದವನೇ ಅವನು. ಅದೇ ದೋಣಿಯಲ್ಲಿದ್ದ ದೋನಾ ಅಂತೋನಿಯಾ ಫೆರೇರಾ ಬದುಕಿಕೊಂಡರು. ಫಾರೆಸ್ಟರನನ್ನು ನಾಣ್ಯ ತುಂಬಿದ ಸೊಂಟಪಟ್ಟಿ ಕೆಳಗೆಳೆಯಿತು, ದೋನಾ ಅಂತೋನಿಯಾರನ್ನು ಗಾಳಿ ತುಂಬಿದ ಘೇರು ಲಂಗ ತೇಲಿಸಿತು ಎಂದು ಕಣಿವೆಯ ಜನ ಹೇಳುತ್ತಾರೆ. ಚಿಕ್ಕ ವಯಸ್ಸಿನಲ್ಲೇ ವಿಧವೆಯಾಗಿ, ಬೇರುಹೇನಿನ ಕಾಲದಲ್ಲೂ ಎದೆಗುಂದದೆ ತೋಟ ಕೊಂಡು, ರಸ್ತೆ ಮಾಡಿಸಿ ಕೂಲಿ ಕೊಟ್ಟ ಆಕೆಯ ಹೆಸರು ಇಂದಿಗೂ ಅಲ್ಲಿ ಗೌರವದ ಹೆಸರು. ಇನ್ನು ಫಾರೆಸ್ಟರನ ಜೀವಮಾನದ ಜಗಳ ಸಾರಾಯಿ ಬೆರೆಸುವುದರ ವಿರುದ್ಧ: ಡೌರೊದ ಒಳ್ಳೆಯ ವೈನಿಗೆ ಅದು ಬೇಡವೇ ಬೇಡ ಎಂದು. ಆಗ ಯಾರೂ ಕಿವಿಗೊಡಲಿಲ್ಲ. ಆತ ಸತ್ತು ತೊಂಬತ್ತು ವರ್ಷದ ಮೇಲೆ, 1952ರಲ್ಲಿ, ಫೆರೇರಾ ಕಂಪನಿಯೇ ಸಾರಾಯಿಯಿಲ್ಲದ ಬಾರ್ಕಾ ವೇಲ್ಯಾ ಎಂಬ ಕೆಂಪು ವೈನ್ ಮಾಡಿತು. ಇಂದು ಅಂಥ ವೈನ್ ಮಾಡದ ತೋಟ ಕಣಿವೆಯಲ್ಲಿ ಅಪರೂಪ.

1880ರ ದಶಕದಲ್ಲಿ ರೈಲು ಬಂದು ದೋಣಿಯ ಕೆಲಸ ಕಿತ್ತುಕೊಂಡಿತು. 1970ರ ದಶಕದ ಅಣೆಕಟ್ಟುಗಳು ನದಿಯನ್ನು ಸರೋವರಗಳ ಸರಮಾಲೆಯಾಗಿಸಿದವು. ಗಾಯಾದ ದಡದಲ್ಲಿ ಕಟ್ಟಿರುವ ರಬೇಲೊಗಳು ಈಗ ಜಾಹೀರಾತು ಫಲಕಗಳಷ್ಟೇ.

ಯಾವ ಕ್ರಮದಲ್ಲಿ ನೋಡಬೇಕು

ಹೆಚ್ಚಿನವರು ಪೋರ್ಟೊದಲ್ಲಿ ಇಳಿದು, ಗಾಯಾದಲ್ಲಿ ಒಂದು ಗೋದಾಮು ನೋಡಿ, ಮೂರು ಗ್ಲಾಸು ಕುಡಿದು ಮರಳುತ್ತಾರೆ. ಅಷ್ಟಕ್ಕೇ ನಿಲ್ಲುವುದು ನಷ್ಟ. ಮೊದಲು ಕಣಿವೆ, ಆಮೇಲೆ ಗಾಯಾ. ಪೋರ್ಟೊದಿಂದ ಪಿನ್ಯಾಂವ್‌ಗೆ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ. ಹೋಗುವಾಗ ಬಲಬದಿಯ ಕಿಟಕಿ ಹಿಡಿಯಿರಿ. ದಾರಿಯ ಎರಡನೆಯ ಅರ್ಧದಲ್ಲಿ ಹಳಿ ನದಿಯ ದಡಕ್ಕೇ ಅಂಟಿಕೊಂಡು ಸಾಗುತ್ತದೆ. ದಾರಿಯ ರೇಗುವಾದಲ್ಲಿ ಇಳಿದರೆ ಪೊಂಬಾಲನ ಕಂಪನಿಯ ಹಳೆಯ ಕಟ್ಟಡದಲ್ಲಿರುವ ಡೌರೊ ವಸ್ತುಸಂಗ್ರಹಾಲಯವಿದೆ. ಪಿನ್ಯಾಂವ್ ನಿಲ್ದಾಣದ ಗೋಡೆಯಲ್ಲಿ 1937ರ ನೀಲಿ ಹೆಂಚಿನ 24 ಚಿತ್ರಗಳು ಕೊಯ್ಲಿನಿಂದ ದೋಣಿಯವರೆಗಿನ ಕೆಲಸವನ್ನೆಲ್ಲ ತೋರಿಸುತ್ತವೆ.

ಪಿನ್ಯಾಂವ್‌ನಲ್ಲಿ ಕಾರಿಲ್ಲದೆಯೂ ಒಂದು ದಿನ ತುಂಬುತ್ತದೆ. ಡೌಸ್ ಕಂಪನಿಯ ಕಿಂತಾ ದೊ ಬೊಂಫಿಂ ನಿಲ್ದಾಣದಿಂದ ಕಾಲ್ನಡಿಗೆಯ ದೂರ. ಕ್ರಾಫ್ಟ್‌ನವರ ಕಿಂತಾ ದ ರೊಯೇದಾ ಅಲ್ಲೇ ಹತ್ತಿರ. ಸೇತುವೆ ದಾಟಿದರೆ ಗುಡ್ಡವಿಡೀ ಹರಡಿದ ಕಿಂತಾ ದಾಸ್ ಕರ್ವಾಲ್ಯಾಸ್. ಎಲ್ಲ ಕಡೆ ಮುಂಚೆಯೇ ಸಮಯ ಕಾಯ್ದಿರಿಸಬೇಕು. ಸೆಪ್ಟೆಂಬರ್‌ನ ಕೊಯ್ಲಿನ ಕಾಲದಲ್ಲಂತೂ ವಾರಗಳ ಮುಂಚೆ. ಆಗ ತೋಟದಲ್ಲಿ ಜೀವ ಇರುತ್ತದೆ, ಲಗಾರ್ ಬಳಸುವ ಕಡೆ ತುಳಿತ ನೋಡಬಹುದು. ಏಪ್ರಿಲ್, ಮೇ ತಂಪಾಗಿ ಹಸಿರಾಗಿರುತ್ತದೆ, ಮಾತನಾಡಲು ತೋಟದವರಿಗೂ ಬಿಡುವಿರುತ್ತದೆ. ಜುಲೈ, ಆಗಸ್ಟ್ ಬೇಡ. ಕಾರು ಬಾಡಿಗೆಗೆ ಪಡೆದರೆ ರೇಗುವಾದಿಂದ ಪಿನ್ಯಾಂವ್‌ಗೆ ಹೋಗುವ ಎನ್222 ರಸ್ತೆ ಸೊಗಸು, ಆದರೆ ತಿರುವುಗಳ ರಸ್ತೆ. ಶೇ 20ರ ವೈನ್ ಸಣ್ಣ ಗ್ಲಾಸಿನಲ್ಲೇ ಲೆಕ್ಕ ತಪ್ಪಿಸುತ್ತದೆ. ಉಗುಳಲು ಪಾತ್ರೆ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಕಸುಬಿನವರು ಮಾಡುವುದೂ ಅದನ್ನೇ.

ಗಾಯಾಕ್ಕೆ ಬರುವ ಹೊತ್ತಿಗೆ ತಿಳಿದಿರಬೇಕಾದದ್ದು ಒಂದು ಮುಖ್ಯ ಭೇದ: ಮರದಲ್ಲಿ ಹಣ್ಣಾದ ಪೋರ್ಟ್, ಬಾಟಲಿಯಲ್ಲಿ ಹಣ್ಣಾದ ಪೋರ್ಟ್. ಸಣ್ಣ ಪೀಪಾಯಿಯಲ್ಲಿ ವರ್ಷಗಟ್ಟಲೆ ಮರದ ಮೂಲಕ ಗಾಳಿ ಕುಡಿದ ವೈನಿನ ಕೆಂಪು ಮಾಸಿ ಜೇನಿನ ಬಣ್ಣಕ್ಕೆ ತಿರುಗುತ್ತದೆ, ಒಣಹಣ್ಣು, ಬಾದಾಮಿ, ಸುಟ್ಟ ಸಕ್ಕರೆಯ ಪರಿಮಳ ಬರುತ್ತದೆ. ಇದು ಟಾನಿ. ಚೀಟಿಯ ಮೇಲಿನ 10, 20, 30, 40 ಎಂಬ ಸಂಖ್ಯೆ ವೈನಿನ ನಿಖರ ವಯಸ್ಸಲ್ಲ. ಹಲವು ವರ್ಷಗಳ ವೈನ್ ಬೆರೆಸಿ ಆ ವಯಸ್ಸಿನ ಗುಣ ಬಂದಿದೆ ಎಂದು ಡೌರೊ ಮತ್ತು ಪೋರ್ಟೊ ವೈನ್ ಸಂಸ್ಥೆಯ ರುಚಿಗಾರರು ಒಪ್ಪಿದ ಗುರುತು. ಒಂದೇ ವರ್ಷದ ಟಾನಿಯಾದರೆ ಕೊಲ್ಯೇಯ್ತಾ, ಕನಿಷ್ಠ ಏಳು ವರ್ಷ ಮರದಲ್ಲಿ. ಇನ್ನೊಂದು ಕಡೆ, ಅತ್ಯುತ್ತಮ ವರ್ಷದ ವೈನನ್ನು ಎರಡು ಮೂರು ವರ್ಷಕ್ಕೇ ಸೋಸದೆ ಬಾಟಲಿಗೆ ತುಂಬಿದರೆ ವಿಂಟೇಜ್. ಅದು ಗಾಳಿ ತಾಗದೆ ಕತ್ತಲಲ್ಲಿ ದಶಕಗಟ್ಟಲೆ ಬದಲಾಗುತ್ತದೆ, ತಳದಲ್ಲಿ ಗಸಿ ಕಟ್ಟುತ್ತದೆ. ಹತ್ತು ವರ್ಷದಲ್ಲಿ ಸುಮಾರು ಮೂರು ಬಾರಿಯಷ್ಟೇ ಕಂಪನಿಗಳು ಒಟ್ಟಾಗಿ ವಿಂಟೇಜ್ ಘೋಷಿಸುತ್ತವೆ. 2016, 2017 ಬೆನ್ನುಬೆನ್ನಿಗೆ ಬಂದದ್ದು ಅಪರೂಪದ ಸಂಗತಿ. ಉಳಿದ ವರ್ಷಗಳಲ್ಲಿ ಒಂದೇ ತೋಟದ ದ್ರಾಕ್ಷಿಯ ವಿಂಟೇಜ್ ಬರುವುದುಂಟು. ಗುಣದಲ್ಲಿ ಹೆಚ್ಚು ಹಿಂದಿಲ್ಲ, ಬೆಲೆ ಕಡಿಮೆ. ನಾಲ್ಕರಿಂದ ಆರು ವರ್ಷ ಮರದಲ್ಲಿಟ್ಟು ಬಾಟಲಿಗೆ ಹಾಕಿದ್ದು ಎಲ್‌ಬಿವಿ (ಲೇಟ್ ಬಾಟಲ್ಡ್ ವಿಂಟೇಜ್), ಎರಡರ ನಡುವಿನ ರಾಜಿ. ರೂಬಿ ಎಂದರೆ ಎಳೆಯ, ಹಣ್ಣಿನ ಘಮದ ದಿನಬಳಕೆಯ ಪೋರ್ಟ್.

ಈ ಭೇದ ಗೊತ್ತಿದ್ದರೆ ಗೋದಾಮಿನೊಳಗೆ ಕಣ್ಣಿಗೆ ಕೆಲಸ ಸಿಗುತ್ತದೆ. ದೈತ್ಯ ಮರದ ಕೊಳಗಗಳಲ್ಲಿರುವುದು ರೂಬಿ, ಎಲ್‌ಬಿವಿ: ಮರ ಕಡಿಮೆ ತಾಗಲೆಂದೇ ಅಷ್ಟು ದೊಡ್ಡದು. ಸಾಲಾಗಿ ಪೇರಿಸಿದ ಸಣ್ಣ ಕಪ್ಪು ಪೀಪಾಯಿಗಳಲ್ಲಿ ಟಾನಿ. ಕಬ್ಬಿಣದ ಜಾಲರಿಯ ಹಿಂದೆ ಧೂಳು ಹಿಡಿದು ಮಲಗಿರುವ ಬಾಟಲಿಗಳು ವಿಂಟೇಜ್. ಅಲ್ಲಿ ರುಚಿ ನೋಡಲು ಸಿಗುವ ಅಗ್ಗದ ಪೊಟ್ಟಣದಲ್ಲಿ ಸಾಮಾನ್ಯವಾಗಿ ಬಿಳಿ, ರೂಬಿ, ಎಳೆಯ ಟಾನಿ ಇರುತ್ತವೆ. ಮೂರೂ ಸಿಹಿ ಎಂಬುದರಾಚೆ ಹೆಚ್ಚೇನೂ ಹೇಳುವುದಿಲ್ಲ. ಸ್ವಲ್ಪ ಹೆಚ್ಚು ಕೊಟ್ಟು 10 ಮತ್ತು 20 ವರ್ಷದ ಟಾನಿಗಳನ್ನು ಪಕ್ಕಪಕ್ಕ ಇಟ್ಟು ಕುಡಿಯಿರಿ. ಹತ್ತು ವರ್ಷಗಳ ಮರ ಏನು ಮಾಡುತ್ತದೆ ಎಂಬುದು ಯಾವ ಭಾಷಣವೂ ಇಲ್ಲದೆ ತಿಳಿಯುತ್ತದೆ.

ಕೊಳ್ಳುವವರಿಗೆ ಒಂದು ಮಾತು. ಬಾಟಲಿಯ ಕುತ್ತಿಗೆಯ ಮೇಲೆ ಸಂಸ್ಥೆಯ ಸಂಖ್ಯೆಯಿರುವ ಮುದ್ರೆಚೀಟಿ ಇರಬೇಕು. ಭಾರತಕ್ಕೆ ಸುಂಕವಿಲ್ಲದೆ ತರಬಹುದಾದದ್ದು ತಲಾ ಎರಡು ಲೀಟರ್, ಎಂದರೆ 750 ಮಿಲಿಲೀಟರಿನ ಎರಡು ಬಾಟಲಿ. ಹಳೆಯ ವಿಂಟೇಜ್ ನಮ್ಮ ಮನೆಗಳಿಗೆ ಒಗ್ಗದು: ಬೆಂಗಳೂರಿನ ಬೇಸಿಗೆಯಲ್ಲಿ ಕಪಾಟಿನಲ್ಲಿಟ್ಟರೆ ಬೇಗ ಮುದಿಯಾಗುತ್ತದೆ, ತೆರೆದ ಒಂದೆರಡು ದಿನದಲ್ಲಿ ಮುಗಿಸಲೂ ಬೇಕು. ಟಾನಿ ಈಗಾಗಲೇ ಗಾಳಿ ಕಂಡ ಜೀವ, ಫ್ರಿಜ್ಜಿನಲ್ಲಿಟ್ಟರೆ ತೆರೆದ ಮೇಲೂ ವಾರಗಟ್ಟಲೆ ಬಾಳುತ್ತದೆ. ಎರಡರಲ್ಲಿ ಒಂದು 20 ವರ್ಷದ ಟಾನಿ ಇರಲಿ. ಇನ್ನೊಂದು, ನೀವು ನಡೆದು ನೋಡಿದ ತೋಟದ ಸಾರಾಯಿ ಬೆರೆಸದ ಕೆಂಪು ವೈನ್.